ಹುಬ್ಬು, ತುಟಿ, ಕಣ್ಣಂಚಿನ ಟ್ಯಾಟೂ: ನಿಮ್ಮ ಚರ್ಮಕ್ಕೆ ಹೊಂದುವುದು ಯಾವುದು?

ಹಳ್ಳಿಯ ಕಡೆ ವಯಸ್ಸಾದ ಹೆಂಗಸರ ಮುಂಗೈ ಹಚ್ಚೆಯನ್ನು ಹತ್ತಿರದಿಂದ ನೋಡಿ. ಹುಯ್ಯುವಾಗ ಹಾಕಿದ್ದು ದೀಪದ ಮಸಿ, ಅಂದರೆ ಅಪ್ಪಟ ಕಪ್ಪು. ಈಗ ಕಾಣುವುದು ಹಸಿರು-ನೀಲಿ. ಗೆರೆಗಳ ಅಂಚೂ ಹರಡಿ, ಒಂದಾನೊಂದು ಕಾಲದ ಚುಕ್ಕಿಗಳು ಈಗ ಮಚ್ಚೆಗಳಾಗಿವೆ. ಚರ್ಮದ ಆಳದಲ್ಲಿ ಕೂತ ಕಪ್ಪು ಕಣಗಳನ್ನು ನಾವು ಮೇಲಿನ ಪದರದ ಮೂಲಕ ನೋಡುತ್ತೇವೆ. ಆ ಪದರದಲ್ಲಿ ಬೆಳಕು ಚದುರುವುದರಿಂದ ಕಪ್ಪು ನೀಲಿಯಾಗಿ ಕಾಣುತ್ತದೆ. ಕಣ ಆಳಕ್ಕೆ ಇಳಿದಷ್ಟೂ ನೀಲಿ ಹೆಚ್ಚು.

ಹುಬ್ಬಿಗೆ, ತುಟಿಗೆ, ಕಣ್ಣಂಚಿಗೆ ಇಂದು ಹಾಕಿಸಿಕೊಳ್ಳುವ ಕಾಸ್ಮೆಟಿಕ್ ಟ್ಯಾಟೂ ಕೂಡ ಇದೇ ಹಚ್ಚೆಯ ಜಾತಿಗೆ ಸೇರಿದ್ದು. ಸೂಜಿ ಸಣ್ಣದು, ಬಣ್ಣ ಬೇರೆ, ಇಳಿಯುವ ಆಳ ಒಂದು ಮಿಲಿಮೀಟರಿಗಿಂತ ಕಡಿಮೆ. ಆದರೆ ಚರ್ಮ ನಡೆದುಕೊಳ್ಳುವ ರೀತಿ ಅದೇ. ಹಾಕಿಸಿಕೊಂಡ ದಿನ ಎಲ್ಲಾ ವಿಧಾನಗಳೂ ಚೆನ್ನಾಗಿಯೇ ಕಾಣುತ್ತವೆ. ಎರಡು ವರ್ಷದ ಮೇಲೆ ಹೇಗಿರುತ್ತದೆ ಎಂಬುದನ್ನು ತೀರ್ಮಾನಿಸುವುದು ನಿಮ್ಮ ಚರ್ಮದ ಜಿಡ್ಡು, ಮೈಬಣ್ಣ, ಬಿಸಿಲು, ಬೆವರು. ಹಾಗಾಗಿ ಫೋಟೋ ತೋರಿಸಿ "ಇದೇ ಬೇಕು" ಎನ್ನುವ ಮೊದಲು ಕನ್ನಡಿಯಲ್ಲಿ ನಿಮ್ಮ ಹುಬ್ಬಿನ ಸುತ್ತಲಿನ ಚರ್ಮವನ್ನು ಒಮ್ಮೆ ಗಮನಿಸಿ.

ಒಂದು ಮಾತು ಮೊದಲೇ ಹೇಳಬೇಕು. "ಸೆಮಿ-ಪರ್ಮನೆಂಟ್" ಎಂಬ ಹೆಸರನ್ನು ನಂಬಿ ಕೂರಬೇಡಿ. ಬಣ್ಣ ಮಾಸುತ್ತದೆ, ನಿಜ. ಪೂರ್ತಿ ಅಳಿದುಹೋಗುತ್ತದೆ ಎಂಬ ಭರವಸೆಯನ್ನು ಮಾತ್ರ ಯಾರೂ ಕೊಡಲಾರರು. ಹತ್ತು ವರ್ಷದ ಮೇಲೂ ತೆಳು ಬೂದು ನೆರಳು ಉಳಿದುಕೊಂಡ ಹುಬ್ಬುಗಳಿವೆ.

ಹುಬ್ಬು: ನಾಲ್ಕು ದಾರಿ

ಮೊದಲು ಚರ್ಮದ ಪರೀಕ್ಷೆ ಮಾಡಿಕೊಳ್ಳಿ. ಬೆಳಿಗ್ಗೆ ಮುಖ ತೊಳೆದು ಏನೂ ಹಚ್ಚದೆ ಮೂರು-ನಾಲ್ಕು ಗಂಟೆ ಬಿಡಿ. ಆಮೇಲೆ ತೆಳು ಟಿಶ್ಯೂವನ್ನು ಎರಡು ಹುಬ್ಬಿನ ನಡುವೆ, ಹುಬ್ಬಿನ ಮೇಲೆ ಒತ್ತಿ. ಬೆಳಕಿಗೆ ಹಿಡಿದಾಗ ಪಾರದರ್ಶಕ ಮಚ್ಚೆ ಕಂಡರೆ ಅದು ಎಣ್ಣೆ ಚರ್ಮ. ಕೆನ್ನೆ ಒಣಗಿದ್ದರೂ ಹಣೆ-ಹುಬ್ಬು ಜಿಡ್ಡಾಗಿರುವುದು ನಮ್ಮಲ್ಲಿ ಸಾಮಾನ್ಯ. ಕೆನ್ನೆ ನೋಡಿ ತೀರ್ಮಾನಕ್ಕೆ ಬಂದವರು ಇಲ್ಲೇ ತಪ್ಪುತ್ತಾರೆ.

ಮೈಕ್ರೋಬ್ಲೇಡಿಂಗಿನಲ್ಲಿ ಯಂತ್ರವಿಲ್ಲ. ಸಾಲಾಗಿ ಜೋಡಿಸಿದ ಏಳರಿಂದ ಹದಿನೆಂಟೋ ಅದಕ್ಕಿಂತ ಹೆಚ್ಚೋ ಸೂಜಿಗಳು ಸೇರಿ ಪುಟ್ಟ ಅಲಗಿನಂತಾಗಿರುತ್ತವೆ. ಅದನ್ನು ಪೆನ್ನಿನಂತೆ ಹಿಡಿದು ಕೂದಲೆಳೆಯ ಹಾಗೆ ಗೀರುತ್ತಾರೆ, ಆ ಗೀರಿಗೆ ಬಣ್ಣ ತುಂಬುತ್ತಾರೆ. ಒಣ ಅಥವಾ ಸಾಮಾನ್ಯ ಚರ್ಮ, ಸಣ್ಣ ರಂಧ್ರ, ಒಂದಿಷ್ಟು ಸ್ವಂತ ಕೂದಲೂ ಇರುವ ಹುಬ್ಬು ಆದರೆ ಇಷ್ಟು ಸಹಜವಾಗಿ ಕಾಣುವುದು ಬೇರೆ ಇಲ್ಲ. ಬಾಳಿಕೆ ಸುಮಾರು ಒಂದರಿಂದ ಎರಡು ವರ್ಷ. ಎಣ್ಣೆ ಚರ್ಮದಲ್ಲಿ ಮಾತ್ರ ಇದು ಕೈಕೊಡುತ್ತದೆ. ಪಕ್ಕಪಕ್ಕದ ಎರಡು ಗೆರೆಗಳ ನಡುವೆ ಇದ್ದ ಕೂದಲೆಳೆಯಷ್ಟು ಜಾಗ ಕೆಲವೇ ತಿಂಗಳಲ್ಲಿ ಮಬ್ಬಾಗಿ ಮುಚ್ಚಿ, ಗೆರೆಗಳೆಲ್ಲ ಸೇರಿ ಒಂದೇ ಬೂದು ಪಟ್ಟಿಯಾಗುತ್ತದೆ. ಅಲ್ಲದೆ ಇದು ಗೀರು. ಅದೇ ಜಾಗದಲ್ಲಿ ಮೂರು-ನಾಲ್ಕು ಸಲ ಗೀರಿದರೆ ಚರ್ಮದ ಮೇಲೆ ಸಣ್ಣ ಗಾಯದ ಕಲೆಗಳು ಕೂರುತ್ತವೆ, ಆಮೇಲೆ ಅಲ್ಲಿ ಯಾವ ಬಣ್ಣವೂ ಸರಿಯಾಗಿ ಹಿಡಿಯುವುದಿಲ್ಲ.

ಪೌಡರ್ ಬ್ರೋ, ಅದರ ಒಂದು ರೂಪವಾದ ಒಂಬ್ರೆ, ಎರಡೂ ಯಂತ್ರದ ಕೆಲಸ. ಒಂದೇ ಸೂಜಿ ಸಾವಿರಾರು ಚುಕ್ಕಿ ಇಡುತ್ತದೆ. ಫಲಿತಾಂಶ ಹುಬ್ಬಿನ ಪೌಡರ್ ಹಚ್ಚಿದ ಹಾಗೆ: ಒಂಬ್ರೆಯಲ್ಲಿ ಮೂಗಿನ ಕಡೆ ತೆಳು, ಬಾಲದ ಕಡೆ ಗಾಢ. ಗೆರೆಯೇ ಇಲ್ಲದ್ದರಿಂದ ಗೆರೆ ಹರಡುವ ಭಯವಿಲ್ಲ. ಚುಕ್ಕಿ ಸ್ವಲ್ಪ ಹಿಗ್ಗಿದರೂ ಕಣ್ಣಿಗೆ ತಿಳಿಯುವುದಿಲ್ಲ. ಎಣ್ಣೆ ಚರ್ಮ, ದೊಡ್ಡ ರಂಧ್ರ, ಕರಾವಳಿಯ ಬೆವರು, ದಿನಾ ಹೆಲ್ಮೆಟ್ಟು, ಇಷ್ಟು ಇರುವವರಿಗೆ ನಮ್ಮ ಸಲಹೆ ಇದೇ. ಬಾಳಿಕೆ ಎರಡು ವರ್ಷದ ಆಸುಪಾಸು, ಕೆಲವರಲ್ಲಿ ಮೂರು. ಕೊರತೆ ಎಂದರೆ ಹತ್ತಿರದಿಂದ ನೋಡಿದಾಗ ಮೇಕಪ್ ಮಾಡಿದ್ದು ಗೊತ್ತಾಗುತ್ತದೆ. ಕಾಡಿಗೆಯನ್ನೂ ಹಚ್ಚದೆ ಓಡಾಡುವವರಿಗೆ ಇದು ಹೊರಗಿನದೆನಿಸಬಹುದು.

ನ್ಯಾನೋ ಬ್ರೋ ಎಂದರೆ ಅದೇ ಕೂದಲೆಳೆ, ಆದರೆ ಅಲಗಿನ ಬದಲು ಯಂತ್ರದ ಒಂಟಿ ಸೂಜಿಯಿಂದ. ಗೀರಿನ ಬದಲು ಒತ್ತೊತ್ತಾದ ಚುಚ್ಚು ಇರುವುದರಿಂದ ಚರ್ಮಕ್ಕೆ ಪೆಟ್ಟು ಕಡಿಮೆ, ಆಳದ ಹಿಡಿತ ಹೆಚ್ಚು. ಸಾಮಾನ್ಯ ಚರ್ಮ, ಸ್ವಲ್ಪ ಜಿಡ್ಡಿನ ಚರ್ಮ, ವಯಸ್ಸಾಗಿ ತೆಳುವಾದ ಚರ್ಮ ಮೂರಕ್ಕೂ ಮೈಕ್ರೋಬ್ಲೇಡಿಂಗಿಗಿಂತ ಇದು ವಾಸಿ. ಆದರೆ ಕೈ ಪಳಗಲು ವರ್ಷಗಳು ಬೇಕು, ಸಮಯವೂ ಹೆಚ್ಚು ಹಿಡಿಯುತ್ತದೆ. ಮೂರು ದಿನದ ತರಬೇತಿ ಮುಗಿಸಿ ಬಂದವರ ನ್ಯಾನೋಗಿಂತ ಅನುಭವಸ್ಥರ ಪೌಡರ್ ಬ್ರೋ ಸಾವಿರ ಪಾಲು ಮೇಲು. ನಾಲ್ಕನೆಯದು ಕಾಂಬೋ: ಮುಂಭಾಗದಲ್ಲಿ ಕೂದಲೆಳೆ, ಉಳಿದದ್ದು ಪೌಡರ್. ಹುಬ್ಬಿನ ಬಾಲ ಪೂರ್ತಿ ಉದುರಿದವರಿಗೆ ಹೊಂದುತ್ತದೆ. ಥೈರಾಯ್ಡ್ ತೊಂದರೆಯಲ್ಲಿ ಹೊರತುದಿಯ ಕೂದಲು ಉದುರುವುದು ಉಂಟು. ಕಾರಣ ಗೊತ್ತಿಲ್ಲದೆ ಉದುರುತ್ತಿದ್ದರೆ ಟ್ಯಾಟೂಗಿಂತ ಮೊದಲು ಆ ರಕ್ತಪರೀಕ್ಷೆ ಆಗಲಿ.

ಬಣ್ಣದ ಸೀಸೆಯಲ್ಲಿ ಏನಿದೆ

ವಿಧಾನದಷ್ಟೇ ಮುಖ್ಯವಾದದ್ದು ಪಿಗ್ಮೆಂಟು, ಅಂದರೆ ಚರ್ಮದೊಳಗೆ ಇಳಿಸುವ ಬಣ್ಣ. ಇದನ್ನು ಕೇಳುವವರು ಬಹಳ ಕಡಿಮೆ.

ಐರನ್ ಆಕ್ಸೈಡ್ ಆಧಾರದ ಬಣ್ಣಗಳು ಕೆಂಪು, ಹಳದಿ, ಕಪ್ಪು ಮೂರರ ಮಿಶ್ರಣ. ಕಾಲ ಕಳೆದಂತೆ ಕಪ್ಪು ಮೊದಲು ಮಾಸಿ, ಕೆಂಪು ಹಿಂದೆ ಉಳಿಯುತ್ತದೆ. ಹುಬ್ಬು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಇಂಗಾಲದ ಕಪ್ಪು ಇರುವ ಬಣ್ಣಗಳು ಹೆಚ್ಚು ಕಾಲ ನಿಲ್ಲುತ್ತವೆ, ಮಾಸುವಾಗ ಬೂದು-ನೀಲಿಯಾಗುತ್ತವೆ. ಅದೇ ಅಜ್ಜಿಯ ಹಚ್ಚೆಯ ಕಥೆ. ಎರಡನ್ನೂ ಬೆರೆಸಿದ ಹೈಬ್ರಿಡ್ ಬಣ್ಣಗಳು ನಡುದಾರಿ. ನಮ್ಮ ಗೋಧಿ, ಕಂದು ಮೈಬಣ್ಣಕ್ಕೆ ಬೆಚ್ಚನೆಯ ಗಾಢ ಕಂದು ಒಪ್ಪುತ್ತದೆ. "ನನ್ನ ಕೂದಲು ಕಪ್ಪು, ಹುಬ್ಬಿಗೂ ಕಪ್ಪೇ ಹಾಕಿ" ಎಂದು ಹಟ ಹಿಡಿಯಬೇಡಿ. ತಲೆಗೂದಲಿನ ಕಪ್ಪು ಚರ್ಮದ ಹೊರಗಿರುವುದು, ಹುಬ್ಬಿಗೆ ಹಾಕುವ ಕಪ್ಪು ಚರ್ಮದ ಒಳಗೆ ಕೂರುವುದು. ಒಳಗೆ ಕೂತ ಕಪ್ಪು ಒಂದು ದಿನ ನೀಲಿಗೇ ತಿರುಗುತ್ತದೆ.

ಟ್ಯಾಟೂ ಬಣ್ಣಗಳಿಗೆ ಯುರೋಪಿನ ಒಕ್ಕೂಟ ರೀಚ್ ಎಂಬ ತನ್ನ ರಾಸಾಯನಿಕ ನಿಯಮದಡಿ 2022ರ ಜನವರಿಯಿಂದ ಸಾವಿರಾರು ರಾಸಾಯನಿಕಗಳ ಮೇಲೆ ಮಿತಿ ಹೇರಿದೆ. ಕಾಸ್ಮೆಟಿಕ್ ಟ್ಯಾಟೂ ಬಣ್ಣವೂ ಅದರಲ್ಲಿ ಸೇರಿದೆ. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಚರ್ಮದೊಳಕ್ಕೆ ಚುಚ್ಚಲು ಯಾವುದೇ ಬಣ್ಣವನ್ನೂ ಅನುಮೋದಿಸಿಲ್ಲ. ಆದ್ದರಿಂದ "ಎಫ್‌ಡಿಎ ಒಪ್ಪಿಗೆ ಪಡೆದ ಪಿಗ್ಮೆಂಟು" ಎಂದು ಬೋರ್ಡು ಹಾಕಿದ್ದರೆ ಅಲ್ಲೇ ಅನುಮಾನ ಪಡಿ. ಸೀಸೆಯ ಮೇಲೆ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ, ಘಟಕಗಳ ಪಟ್ಟಿ ಇರಬೇಕು. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಅಲರ್ಜಿಯಾದರೆ ಚರ್ಮದ ವೈದ್ಯರು ಮೊದಲು ಕೇಳುವುದು ಇದನ್ನೇ.

ತುಟಿ

ಲಿಪ್ ಬ್ಲಶ್, ಅಂದರೆ ತುಟಿಗೆ ಬಣ್ಣ ತುಂಬುವ ಟ್ಯಾಟೂ ವಿಚಾರದಲ್ಲಿ ನಮ್ಮವರಿಗೆ ಆಗುವ ನಿರಾಶೆಗೆ ಕಾರಣ ಒಂದೇ: ನೋಡಿದ ಫೋಟೋ ತಿಳಿ ಗುಲಾಬಿ ತುಟಿಯದು, ಹಾಕಿಸಿಕೊಂಡ ತುಟಿ ಗಾಢ ಕಂದು. ಕಂದು-ನೇರಳೆ ತುಟಿಯ ಮೇಲೆ ನೇರವಾಗಿ ಗುಲಾಬಿ ಹಾಕಿದರೆ ಅದು ಗುಲಾಬಿಯಾಗಿ ಕಾಣದು, ನೇರಳೆ-ಬೂದಾಗುತ್ತದೆ. ಮೊದಲ ಕೂಟದಲ್ಲಿ (ಒಂದು ಸಲ ಕೂತು ಹಾಕಿಸಿಕೊಳ್ಳುವುದು ಒಂದು ಕೂಟ) ಕಿತ್ತಳೆ ಅಥವಾ ಪೀಚ್ ಛಾಯೆ ಹಾಕಿ ಕಪ್ಪನ್ನು ತಗ್ಗಿಸಬೇಕು. ಎಂಟು ವಾರ ಬಿಟ್ಟು ಎರಡನೆಯದು, ಬೇಕಾದರೆ ಮೂರನೆಯದರಲ್ಲಿ ಬೇಕಾದ ಬಣ್ಣ. ಒಂದೇ ಕೂಟದಲ್ಲಿ ಗುಲಾಬಿ ಮಾಡಿಕೊಡುತ್ತೇವೆ ಎನ್ನುವವರು ಜಾಸ್ತಿ ಒತ್ತಿ ಚುಚ್ಚುತ್ತಾರೆ. ನಮ್ಮ ಮೈಬಣ್ಣದ ಚರ್ಮ ಹಾಗೆ ಕೆರಳಿದರೆ ಇನ್ನಷ್ಟು ಕಪ್ಪಾಗುತ್ತದೆ, ಮೊಡವೆ ಹೋದ ಮೇಲೆ ಕಲೆ ಉಳಿಯುವ ಹಾಗೆಯೇ. ತುಟಿಯ ಅಂಚಿನಾಚೆ ಸೂಜಿ ದಾಟಿದರೆ ಸುತ್ತಲೂ ಕಪ್ಪು ಗೆರೆ ಕಟ್ಟುತ್ತದೆ. ಮುಖದಲ್ಲಿ ಈಗಾಗಲೇ ಭಂಗು ಇರುವವರು ಈ ಅಪಾಯವನ್ನು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳಬೇಕು.

ಲಿಪ್ ಬ್ಲಶ್ ಅಥವಾ ತುಟಿಯ ಕಪ್ಪು ತಗ್ಗಿಸುವ ಲೇಸರ್ ಎರಡರಲ್ಲಿ ಯಾವುದು ಎಂದು ಕೇಳುವವರಿದ್ದಾರೆ. ಕಪ್ಪಿಗೆ ಕಾರಣ ಸಿಗರೇಟು, ತುಟಿ ನೆಕ್ಕುವ ಅಭ್ಯಾಸ, ಲಿಪ್‌ಸ್ಟಿಕ್ ಅಲರ್ಜಿ ಇವುಗಳಲ್ಲೊಂದಾಗಿದ್ದರೆ ಅದನ್ನು ಬಿಡದೆ ಎರಡೂ ದಂಡ. ಲೇಸರ್ ಮಾಡಿಸುವ ಯೋಚನೆ ಇದ್ದರೆ ಅದನ್ನು ಮೊದಲೇ ಮುಗಿಸಿ. ಬಣ್ಣ ಹಾಕಿಸಿದ ತುಟಿಯ ಮೇಲೆ ಲೇಸರ್ ಬಿದ್ದರೆ ಏನಾಗುತ್ತದೆ ಎಂಬುದು ಕೊನೆಯಲ್ಲಿದೆ.

ಜೀವನದಲ್ಲಿ ಒಮ್ಮೆಯಾದರೂ ತುಟಿಯ ಅಂಚಿನಲ್ಲಿ ಜ್ವರದ ಗುಳ್ಳೆ ಎದ್ದಿದ್ದರೆ ಹೇಳಲೇಬೇಕು. ಅದು ಹರ್ಪಿಸ್ ವೈರಸ್. ನರದಲ್ಲಿ ಅಡಗಿ ಕೂತಿರುತ್ತದೆ, ಸೂಜಿಯ ಪೆಟ್ಟಿಗೆ ಎಚ್ಚರಗೊಳ್ಳುತ್ತದೆ. ಗುಳ್ಳೆ ಎದ್ದ ಕಡೆಯೆಲ್ಲ ಬಣ್ಣ ಕಿತ್ತು ಬರುತ್ತದೆ. ವೈದ್ಯರನ್ನು ಕಂಡು ಅಸೈಕ್ಲೋವಿರ್ ಅಥವಾ ವಾಲಾಸೈಕ್ಲೋವಿರ್ ಮಾತ್ರೆಯನ್ನು ಕೂಟಕ್ಕೆ ಮೊದಲೇ ಶುರು ಮಾಡಿಸಿಕೊಳ್ಳಿ.

ತುಟಿಯ ತೊನ್ನಿಗೆ ಬಣ್ಣ ತುಂಬಿಸುವುದು ಬೇರೆಯೇ ವಿಷಯ, ಅದು ಚರ್ಮವೈದ್ಯರ ಕೆಲಸ. ತೊನ್ನು ಹರಡದೆ ಸ್ಥಿರವಾಗಿದೆ ಎಂದು ಅವರು ಹೇಳಬೇಕು. ಹರಡುತ್ತಿರುವಾಗ ಸೂಜಿ ಚುಚ್ಚಿದರೆ ಚುಚ್ಚಿದ ಕಡೆಯೇ ಹೊಸ ತೊನ್ನು ಮೂಡಬಹುದು. ಸೋರಿಯಾಸಿಸ್‌ನಲ್ಲೂ ಹೀಗೆ.

ಕಣ್ಣಂಚು

ಇಲ್ಲಿ ಆಯ್ಕೆ ಎರಡೇ. ರೆಪ್ಪೆಗೂದಲಿನ ಬುಡದ ನಡುನಡುವೆ ಚುಕ್ಕಿ ಇಡುವುದು, ಅಥವಾ ಅದರ ಮೇಲೆ ಗೆರೆ ಎಳೆಯುವುದು. ಮೊದಲನೆಯದನ್ನೇ ಆರಿಸಿ. ರೆಪ್ಪೆಯ ಚರ್ಮ ಮೈಯಲ್ಲೇ ಅತಿ ತೆಳು, ದಪ್ಪ ಗೆರೆಯ ಬಣ್ಣ ಹೊರಮೂಲೆಯಲ್ಲಿ ಹರಡಿ ನೀಲಿ ನೆರಳಾಗುವುದು ಇಲ್ಲೇ ಹೆಚ್ಚು. ಹೊರಮೂಲೆಯಿಂದಾಚೆ ಎಳೆಯುವ ಬಾಲದ ಗೆರೆ ಬೇಡವೇ ಬೇಡ. ಕಾಡಿಗೆ ಹಚ್ಚುವ ಒಳಅಂಚಿಗೆ, ಅಂದರೆ ರೆಪ್ಪೆಗೂದಲಿಗೂ ಕಣ್ಣುಗುಡ್ಡೆಗೂ ನಡುವಿನ ತೇವದ ಜಾಗಕ್ಕೆ, ಯಾರು ಹೇಳಿದರೂ ಹಾಕಿಸಬೇಡಿ. ಕಣ್ಣೀರು ಬೇಗ ಆವಿಯಾಗದಂತೆ ತಡೆಯುವ ಎಣ್ಣೆಯ ಗ್ರಂಥಿಗಳ ಬಾಯಿ ಅಲ್ಲಿದೆ. ಅವು ಹಾಳಾದರೆ ಕಣ್ಣು ಒಣಗುವ ತೊಂದರೆ ಬೆನ್ನು ಬಿಡುವುದಿಲ್ಲ.

ಕಾಂಟ್ಯಾಕ್ಟ್ ಲೆನ್ಸ್ ಮನೆಯಲ್ಲೇ ಬಿಟ್ಟು ಹೋಗಿ, ಊತ ಪೂರ್ತಿ ಇಳಿಯುವ ತನಕ ಮತ್ತೆ ಹಾಕಬೇಡಿ. ರೆಪ್ಪೆ ಎಕ್ಸ್‌ಟೆನ್ಷನ್ ಮೊದಲೇ ತೆಗೆಸಿ. ರೆಪ್ಪೆ ಬೆಳೆಸುವ ಸೀರಂ ಹಚ್ಚುತ್ತಿದ್ದರೆ ಹಲವು ವಾರ ಮೊದಲೇ ನಿಲ್ಲಿಸಿ; ಅದು ರೆಪ್ಪೆಯ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ರಕ್ತ ಹೆಚ್ಚು ಬಂದು ಬಣ್ಣ ನಿಲ್ಲದು.

ತಯಾರಿ, ಮದುವೆಯ ಲೆಕ್ಕ

ಮದುವೆಗೆಂದು ಹುಬ್ಬು ಮಾಡಿಸುವುದಾದರೆ ಮುಹೂರ್ತದಿಂದ ಹಿಂದಕ್ಕೆ ಎಣಿಸಿ. ಮೊದಲ ಕೂಟಕ್ಕೂ, ಬಣ್ಣ ನಿಲ್ಲದ ಕಡೆ ಮತ್ತೆ ತುಂಬುವ ಟಚ್-ಅಪ್‌ಗೂ ನಡುವೆ ಆರರಿಂದ ಎಂಟು ವಾರ ಬೇಕು, ಟಚ್-ಅಪ್ ಮಾಯಲು ಇನ್ನೊಂದು ನಾಲ್ಕು ವಾರ. ಅಂದರೆ ಮೂರು ತಿಂಗಳು. ಗಾಢ ತುಟಿಗೆ ಆರು ತಿಂಗಳು ಇಟ್ಟುಕೊಳ್ಳಿ. ಅರಿಶಿನ ಶಾಸ್ತ್ರಕ್ಕೆ ಹತ್ತು ದಿನ ಇರುವಾಗ ಟಚ್-ಅಪ್ ಮಾಡಿಸಿದರೆ ಇನ್ನೂ ಮಾಯದ ಚರ್ಮಕ್ಕೆ ಅರಿಶಿನ, ಎಣ್ಣೆ, ಹತ್ತಾರು ಕೈಗಳ ಸ್ಪರ್ಶ ಎಲ್ಲವೂ ಒಟ್ಟಿಗೆ ಬೀಳುತ್ತದೆ.

ಗರ್ಭಿಣಿಯರು, ಎದೆಹಾಲು ಕೊಡುತ್ತಿರುವವರು ಮುಂದೂಡಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ಮಾಯುವುದು ತಡ, ಸೋಂಕು ಬೇಗ. ಮೊದಲು ಅದನ್ನು ಹತೋಟಿಗೆ ತನ್ನಿ. ಕಿವಿ ಚುಚ್ಚಿಸಿದಾಗ ಗಂಟಿನಂಥ ಉಬ್ಬು ಕಲೆ ಎದ್ದಿದ್ದರೆ ಅದು ಕೀಲಾಯ್ಡ್ ಪ್ರಕೃತಿ, ಚರ್ಮವೈದ್ಯರನ್ನು ಕೇಳದೆ ಮುಂದುವರಿಯಬೇಡಿ. ಮೊಡವೆಗೆ ಐಸೊಟ್ರೆಟಿನೋಯಿನ್ ಮಾತ್ರೆ ತೆಗೆದುಕೊಂಡವರು ನಿಲ್ಲಿಸಿ ಆರು ತಿಂಗಳು ಕಾಯುವುದು ರೂಢಿ. ಕೀಮೋಥೆರಪಿ ಶುರುವಾಗುವ ಮೊದಲೇ ಹುಬ್ಬು ಮಾಡಿಸಿಕೊಳ್ಳಬೇಕೆನ್ನುವವರಿಗೆ ಆಂಕಾಲಜಿಸ್ಟರ ಒಪ್ಪಿಗೆ ಬೇಕು. ರಕ್ತಕಣಗಳು ಇಳಿದಿರುವ ಹೊತ್ತಿನಲ್ಲಿ ಸಣ್ಣ ಗಾಯವೂ ದೊಡ್ಡದಾಗಬಲ್ಲದು.

ರೆಟಿನಾಲ್, ಗ್ಲೈಕಾಲಿಕ್‌ನಂಥ ಆಮ್ಲದ ಕ್ರೀಮುಗಳನ್ನು ಎರಡರಿಂದ ನಾಲ್ಕು ವಾರ ಮೊದಲು, ಕೆಮಿಕಲ್ ಪೀಲ್ ಅನ್ನು ಒಂದು ತಿಂಗಳು ಮೊದಲು ನಿಲ್ಲಿಸಿ. ಥ್ರೆಡಿಂಗ್ ಎರಡು-ಮೂರು ದಿನ ಮೊದಲು ಮುಗಿದಿರಲಿ. ಹಾಗೇ ಹೋದರೂ ತೊಂದರೆಯಿಲ್ಲ, ಆಕಾರ ಬರೆದ ಮೇಲೆ ಅವರೇ ತೆಗೆಯುತ್ತಾರೆ. ಹಿಂದಿನ ದಿನದಿಂದ ಮದ್ಯ ಬೇಡ, ಆ ಬೆಳಿಗ್ಗೆ ಎರಡನೇ ಕಾಫಿ ಬೇಡ. ಆದರೆ ಹೊಟ್ಟೆ ತುಂಬ ತಿಂಡಿ ತಿಂದು ಹೋಗಿ. ಖಾಲಿ ಹೊಟ್ಟೆಯಲ್ಲಿ ಎರಡು-ಮೂರು ಗಂಟೆ ಮಲಗಿದರೆ ತಲೆ ಸುತ್ತುತ್ತದೆ. ಹೃದಯಕ್ಕೆಂದು ಆಸ್ಪಿರಿನ್, ಕ್ಲೋಪಿಡೊಗ್ರೆಲ್, ವಾರ್ಫರಿನ್ ನುಂಗುತ್ತಿದ್ದರೆ ಹುಬ್ಬಿನ ಚಂದಕ್ಕಾಗಿ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರನ್ನೇ ಕೇಳಿ.

ಕಿವಿಯ ಹಿಂದೆ ಅದೇ ಬಣ್ಣವನ್ನು ಸ್ವಲ್ಪ ತಾಗಿಸಿ ನೋಡುವ ಪ್ಯಾಚ್ ಟೆಸ್ಟ್ ಮಾಡಿಸಿ 48 ಗಂಟೆ ಕಾಯಿರಿ. ಏನೂ ಆಗಲಿಲ್ಲವೆಂದರೆ ಅಪಾಯ ಕಡಿಮೆ ಎಂದಷ್ಟೇ ಅರ್ಥ. ಬಣ್ಣದ ಅಲರ್ಜಿ ತಿಂಗಳುಗಳ ಮೇಲೂ ಏಳಬಹುದು.

ಮರಗಟ್ಟಿಸುವ ಕ್ರೀಮು ಸಾಮಾನ್ಯವಾಗಿ ಲಿಡೋಕೇನ್ ಮತ್ತು ಪ್ರಿಲೋಕೇನ್ ಶೇ. 2.5ರಂತೆ ಬೆರೆತದ್ದು. ಹುಬ್ಬಿಗೆ ಹಚ್ಚಿ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅರ್ಧದಿಂದ ಒಂದು ಗಂಟೆ ಬಿಡುತ್ತಾರೆ. ಈ ಕ್ರೀಮು ಕ್ಷಾರ ಗುಣದ್ದು, ಕಣ್ಣಿಗೆ ಇಳಿದರೆ ಕಣ್ಣುಗುಡ್ಡೆಯ ಪಾರದರ್ಶಕ ಪದರ ಸುಡುತ್ತದೆ. ಆದ್ದರಿಂದ ರೆಪ್ಪೆಗೆ ಇದು ಬರುವಂತಿಲ್ಲ, ಹುಬ್ಬಿನಿಂದ ಕೆಳಗೆ ಜಾರಲೂಬಾರದು. ಉರಿ ಅನ್ನಿಸಿದ ಕೂಡಲೇ ಸಂಕೋಚಪಡದೆ ಹೇಳಿ.

ಜಾಗ ಆರಿಸುವಾಗ

ಹಾಕಿಸಿಕೊಂಡ ದಿನದ ಫೋಟೋ ಬದಿಗಿಡಿ. ಗಾಯ ಮಾಯ್ದು ಆರು ವಾರ ಆದ ಫೋಟೋ, ಸಾಧ್ಯವಾದರೆ ಒಂದು ವರ್ಷದ ಮೇಲಿನದು, ಅದೂ ನಿಮ್ಮಂಥ ಮೈಬಣ್ಣದ ಮುಖದ್ದು ತೋರಿಸಲು ಹೇಳಿ. ತೋರಿಸಲು ಇಲ್ಲದವರ ಬಳಿ ಕೂರಬೇಡಿ. ಬೆಲೆ ಕೇಳುವಾಗ ಟಚ್-ಅಪ್ ಅದರಲ್ಲೇ ಸೇರಿದೆಯೇ ಎಂದು ಕೇಳಿ.

ಸೂಜಿ ಅಥವಾ ಅಲಗಿನ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಅದರ ಮೇಲೆ ಲಾಟ್ ಸಂಖ್ಯೆ, ದಿನಾಂಕ ಇರಬೇಕು. ಯಂತ್ರದ ಸೂಜಿ ಕೂರುವ ಕಾರ್ಟ್ರಿಜ್‌ನೊಳಗೆ ಪೊರೆ ಇರುವುದು ಒಳ್ಳೆಯದು, ಇಲ್ಲದಿದ್ದರೆ ರಕ್ತ-ಬಣ್ಣ ಯಂತ್ರದೊಳಕ್ಕೆ ಹಿಂದೆ ಸರಿದು ಮುಂದಿನವರಿಗೆ ತಗಲಬಹುದು. ಬ್ಯೂಟಿ ಪಾರ್ಲರಿನ ನೀಲಿ ಬೆಳಕಿನ ಯುವಿ ಪೆಟ್ಟಿಗೆ ಸ್ಟೆರಿಲೈಜ್ ಮಾಡುವುದಿಲ್ಲ. ಮತ್ತೆ ಬಳಸುವ ಲೋಹದ ಸಾಮಾನಿದ್ದರೆ 121 ಡಿಗ್ರಿ ಸೆಲ್ಸಿಯಸ್‌ನ ಆಟೋಕ್ಲೇವ್, ಅಂದರೆ ಒತ್ತಡದ ಹಬೆಯ ಯಂತ್ರ ಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ 0, 1, 6 ತಿಂಗಳಿಗೆ ಮುಗಿಸಿಕೊಂಡಿದ್ದರೆ ನಿಮಗೂ ನೆಮ್ಮದಿ.

ಬಣ್ಣವನ್ನು ತೆಳು ಮಾಡಲು ನಲ್ಲಿ ನೀರೋ ಕ್ಯಾನ್ ನೀರೋ ಹಾಕುತ್ತಿದ್ದರೆ ಎದ್ದು ಬನ್ನಿ. ನೀರಿನಲ್ಲಿ ಬದುಕುವ, ಕ್ಷಯದ ಜಾತಿಗೆ ಸೇರಿದ ಒಂದು ಬಗೆಯ ಬ್ಯಾಕ್ಟೀರಿಯ ಹೀಗೆ ಚರ್ಮದೊಳಗೆ ಸೇರುತ್ತದೆ. ಎರಡು-ಮೂರು ವಾರದ ಮೇಲೆ, ಎಲ್ಲ ಮಾಯಿತು ಎನ್ನುವಾಗ, ಬಣ್ಣದ ಉದ್ದಕ್ಕೂ ಕೆಂಪು ಗುಳ್ಳೆ ಏಳುತ್ತವೆ. ಸಾಮಾನ್ಯ ಆಂಟಿಬಯಾಟಿಕ್ಕಿಗೆ ಜಗ್ಗುವುದಿಲ್ಲ, ತಿಂಗಳುಗಟ್ಟಲೆ ಚಿಕಿತ್ಸೆ ಹಿಡಿಯುತ್ತದೆ.

ಆರೈಕೆ: ಒಣ, ಒದ್ದೆ, ಫಿಲ್ಮ್

ಒಬ್ಬರು ಹತ್ತು ದಿನ ನೀರು ಸೋಕಿಸಬೇಡಿ ಅನ್ನುತ್ತಾರೆ, ಇನ್ನೊಬ್ಬರು ದಿನಕ್ಕೆ ನಾಲ್ಕು ಸಲ ಮುಲಾಮು ಹಚ್ಚಿ ಅನ್ನುತ್ತಾರೆ, ಮತ್ತೊಬ್ಬರು ಪಾರದರ್ಶಕ ಫಿಲ್ಮ್ ಅಂಟಿಸಿ ಕಳಿಸುತ್ತಾರೆ. ಮೂರಕ್ಕೂ ಅದರದರ ಜಾಗವಿದೆ.

ಪೂರ್ತಿ ಒಣಗಿಸುವುದು ತೀರಾ ಎಣ್ಣೆ ಚರ್ಮದವರ ಪೌಡರ್ ಬ್ರೋಗೆ ನಡೆಯುತ್ತದೆ. ಮೈಕ್ರೋಬ್ಲೇಡಿಂಗಿನ ಗೀರಿಗೆ ನಡೆಯದು. ಹೊರಬಂದ ತಿಳಿ ರಸ ಗಟ್ಟಿಯಾಗಿ ದಪ್ಪ ಹಕ್ಕಳೆ ಕಟ್ಟಿ, ನಕ್ಕಾಗ ಬಿರಿದು, ಬೀಳುವಾಗ ಬಣ್ಣವನ್ನೂ ಎತ್ತಿಕೊಂಡು ಹೋಗುತ್ತದೆ. ಕೂದಲೆಳೆಗಳ ನಡುವೆ ಖಾಲಿ ತೇಪೆ ಬೀಳುವುದು ಹೀಗೆ. ಮುಲಾಮು ಜಾಸ್ತಿಯಾದರೆ ಇನ್ನೊಂದು ಕೇಡು: ಹಕ್ಕಳೆ ನೆನೆದು ಮೆತ್ತಗಾಗಿ ಹೊತ್ತಿಗೆ ಮುಂಚೆ ಜಾರುತ್ತದೆ, ರಂಧ್ರ ಮುಚ್ಚಿ ಗುಳ್ಳೆ ಏಳುತ್ತದೆ. ಫಿಲ್ಮ್ ಧೂಳಿನಿಂದ ಕಾಪಾಡುತ್ತದೆ, ಆದರೆ ಬೇಸಿಗೆಯಲ್ಲಿ, ಮಂಗಳೂರು-ಕಾರವಾರದ ಸೆಕೆಯಲ್ಲಿ ಒಳಗೆ ಬೆವರು ನಿಲ್ಲುತ್ತದೆ. ಅಂಚು ಎದ್ದ ಫಿಲ್ಮ್ ಇಟ್ಟುಕೊಳ್ಳುವುದಕ್ಕಿಂತ ಇಲ್ಲದಿರುವುದೇ ಮೇಲು. ತುಟಿಗೆ ಅದು ನಿಲ್ಲುವುದೇ ಇಲ್ಲ.

ಹೆಚ್ಚಿನವರಿಗೆ ಹೊಂದುವುದು ಹಗುರ ತೇವದ ಕ್ರಮ. ಮೊದಲ ದಿನ ಗಂಟೆಗೊಮ್ಮೆ, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ ಹಿಂಡಿದ ಗಾಜ್ ಬಟ್ಟೆಯಿಂದ ಒತ್ತಿ ರಸ ತೆಗೆಯಿರಿ. ಉಜ್ಜಬೇಡಿ, ಹತ್ತಿ ಬೇಡ, ಎಳೆ ಅಂಟಿಕೊಳ್ಳುತ್ತದೆ. ಎರಡನೇ ದಿನದಿಂದ ಬೆಳಿಗ್ಗೆ-ರಾತ್ರಿ ಹೀಗೇ ಒರೆಸಿ, ಪೂರ್ತಿ ಆರಿದ ಮೇಲೆ ಮುಲಾಮು. ಎಷ್ಟು? ಎರಡೂ ಹುಬ್ಬಿಗೆ ಸೇರಿ ಒಂದು ಅಕ್ಕಿಕಾಳಿನಷ್ಟು. ಹಚ್ಚಿದ ಮೇಲೆ ಮಿಂಚಿದರೆ ಹೆಚ್ಚಾಯಿತು, ಟಿಶ್ಯೂ ಒತ್ತಿ ತೆಗೆಯಿರಿ. ವಾಸನೆ ಬೆರೆಸದ ಪೆಟ್ರೋಲಿಯಂ ಜೆಲ್ಲಿ ಸಾಕು. ಕಲಬುರಗಿ, ವಿಜಯಪುರದ ಒಣ ಹವೆಯಲ್ಲಿ ದಿನಕ್ಕೆ ಮೂರು ಸಲ ಬೇಕಾಗಬಹುದು; ಜಿಡ್ಡು ಚರ್ಮಕ್ಕೆ ರಾತ್ರಿ ಒಮ್ಮೆ ಸಾಕು. ನಿಯೋಮೈಸಿನ್ ಇರುವ ಆಂಟಿಬಯಾಟಿಕ್ ಮುಲಾಮನ್ನು ಸುಮ್ಮನೆ ಹಚ್ಚಬೇಡಿ, ಅದಕ್ಕೇ ಅಲರ್ಜಿಯಾಗುವವರು ಸಾಕಷ್ಟಿದ್ದಾರೆ.

ಗಾಯಕ್ಕೆ ಅರಿಶಿನ ಮೆತ್ತುವುದು ನಮ್ಮ ಮನೆಗಳ ಅಭ್ಯಾಸ. ಇಲ್ಲಿ ಬೇಡ. ಡಬ್ಬಿಯ ಅರಿಶಿನ ಸ್ಟೆರೈಲ್ ಅಲ್ಲ, ಹಳದಿ ಕಲೆಯನ್ನೂ ಬಿಡುತ್ತದೆ. ಕೊಬ್ಬರಿ ಎಣ್ಣೆ, ತುಪ್ಪ, ಮನೆಯಂಗಳದ ಲೋಳೆಸರ ಯಾವುದೂ ಬೇಡ. ತಲೆಗೆ ಎಣ್ಣೆ ಹಚ್ಚಿದರೆ ಹಣೆಯ ಮೇಲೆ ಇಳಿದೇ ಇಳಿಯುತ್ತದೆ, ಎಣ್ಣೆಸ್ನಾನವನ್ನು ಎರಡು ವಾರ ಮುಂದಕ್ಕೆ ಹಾಕಿ. ಕುಂಕುಮ ಪುಡಿಯ ಬದಲು ಅಂಟಿಸುವ ಬಿಂದಿ, ಅದೂ ಹುಬ್ಬಿಗೆ ದೂರವಾಗಿ. ಒಗ್ಗರಣೆಯ ಹಬೆ, ಕುಕ್ಕರಿನ ಉಗಿ, ಜಿಮ್ಮಿನ ಬೆವರು, ಈಜು ಹತ್ತು-ಹದಿನಾಲ್ಕು ದಿನ ದೂರವಿರಲಿ. ಹೆಲ್ಮೆಟ್ ಬಿಡಬೇಡಿ, ಒಳಗಿನ ಸ್ಪಂಜು ಹುಬ್ಬಿಗೆ ಒತ್ತದಂತೆ ನೋಡಿಕೊಂಡು, ತೊಳೆದ ಬಟ್ಟೆಯನ್ನು ಹಣೆಯ ಮೇಲ್ಭಾಗಕ್ಕೆ ಕಟ್ಟಿ ಹಾಕಿಕೊಳ್ಳಿ.

ಬಣ್ಣ ನಡೆದುಕೊಳ್ಳುವ ಕ್ರಮ ಗೊತ್ತಿದ್ದರೆ ಗಾಬರಿ ಕಡಿಮೆ. ಎರಡು-ಮೂರನೇ ದಿನ ಹುಬ್ಬು ತೀರಾ ಗಾಢ, ದಪ್ಪ. ಐದರಿಂದ ಒಂಬತ್ತನೇ ದಿನದ ತನಕ ಹೊಟ್ಟಿನಂತೆ ಉದುರುತ್ತದೆ, ವಿಪರೀತ ನವೆ. ಕೆರೆಯದೆ ಬೆರಳ ತುದಿಯಿಂದ ಪಕ್ಕದಲ್ಲಿ ತಟ್ಟಿ. ಎರಡನೇ ವಾರ ಬಣ್ಣವೆಲ್ಲ ಹೋಯಿತು ಅನ್ನಿಸುತ್ತದೆ. ಹೋಗಿರುವುದಿಲ್ಲ: ಮೇಲೆ ಬೆಳೆದ ಹೊಸ ಚರ್ಮ ಇನ್ನೂ ಮಂಜು ಕವಿದ ಗಾಜಿನಂತಿರುತ್ತದೆ. ಅದು ತಿಳಿಯಾಗುತ್ತ ನಾಲ್ಕರಿಂದ ಆರನೇ ವಾರಕ್ಕೆ ನಿಜವಾದ ಬಣ್ಣ ಮೇಲೆದ್ದು ಬರುತ್ತದೆ. ಟಚ್-ಅಪ್ ಅನ್ನು ಆರು ವಾರಕ್ಕೆ ಮೊದಲು ಮಾಡಿಸಬಾರದೆನ್ನುವುದು ಇದಕ್ಕೇ.

ತುಟಿಯಲ್ಲಿ ಎಲ್ಲವೂ ಬೇಗ. ಒಂದೆರಡು ದಿನ ಬಾವು, ಮೂರರಿಂದ ಐದನೇ ದಿನ ಸಿಪ್ಪೆ, ಆಮೇಲೆ ಬಣ್ಣ ಮಾಯ, ಒಂದು ತಿಂಗಳಿಗೆ ವಾಪಸು. ತುಟಿ ಒಣಗಲು ಬಿಡಲೇಬಾರದು, ಇಲ್ಲಿ ಜೆಲ್ಲಿ ದಿನಕ್ಕೆ ಏಳೆಂಟು ಸಲ ಹಚ್ಚಿದರೂ ಸರಿಯೇ. ಒಂದು ವಾರ ಉಪ್ಪಿನಕಾಯಿ, ಖಾರದ ಸಾರು, ಎಲೆ-ಅಡಿಕೆ, ಸಿಗರೇಟು ಬೇಡ. ಮೊಸರನ್ನ, ಆರಿದ ಗಂಜಿಯಂಥದ್ದನ್ನು ಚಮಚದಲ್ಲಿ ತುಟಿಗೆ ತಾಗದಂತೆ ಉಣ್ಣಿ.

ಪೂರ್ತಿ ಮಾಯ್ದ ಮೇಲೆ ಬಣ್ಣವನ್ನು ಕಾಪಾಡುವುದು ಸನ್‌ಸ್ಕ್ರೀನ್ ಒಂದೇ. ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ್ದನ್ನು ಹುಬ್ಬಿನ ಮೇಲೂ ಹಚ್ಚಿ. ರೆಟಿನಾಲ್, ಆಮ್ಲದ ಕ್ರೀಮುಗಳನ್ನು ಹುಬ್ಬಿನಿಂದ ಒಂದು ಬೆರಳು ದೂರ ನಿಲ್ಲಿಸಿ.

ಕೆಟ್ಟರೆ

ಮೊದಲೆರಡು ದಿನ ಕೆಂಪು, ಬಿಸಿ ಸಹಜ. ಮೂರನೇ ದಿನದ ಮೇಲೆ ಕೆಂಪು ಇಳಿಯುವ ಬದಲು ಹರಡಿದರೆ, ಹಳದಿ ಕೀವು ಬಂದರೆ, ನೋವು ಮಿಡಿದರೆ, ಜ್ವರ ಬಂದರೆ ಹಾಕಿದವರಿಗೆ ಫೋಟೋ ಕಳಿಸುತ್ತ ಕೂರದೆ ವೈದ್ಯರ ಬಳಿ ಹೋಗಿ. ತಿಂಗಳುಗಳ ಮೇಲೆ ಬಣ್ಣದ ಜಾಗದಲ್ಲಷ್ಟೇ ಗಂಟುಗಳೆದ್ದರೆ ಅದು ಅಲರ್ಜಿಯಿರಬಹುದು, ಸಾರ್ಕಾಯ್ಡೋಸಿಸ್ ಎಂಬ ಒಳಕಾಯಿಲೆಯ ಮೊದಲ ಕುರುಹೂ ಇರಬಹುದು. ಚರ್ಮವೈದ್ಯರು ಸಣ್ಣ ತುಣುಕು ತೆಗೆದು ಪರೀಕ್ಷಿಸಬೇಕಾಗುತ್ತದೆ.

ರಕ್ತದಾನ ಮಾಡುವವರು ಒಂದು ವರ್ಷ ಬಿಡಬೇಕಾಗುತ್ತದೆ. ಎಂಆರ್‌ಐ ಮಾಡಿಸುವಾಗ ಹುಬ್ಬಿನಲ್ಲೋ ರೆಪ್ಪೆಯಲ್ಲೋ ಐರನ್ ಆಕ್ಸೈಡ್ ಇದೆಯೆಂದು ಮೊದಲೇ ಹೇಳಿ; ಅಪರೂಪಕ್ಕೆ ಅಲ್ಲಿ ಬಿಸಿ, ಜುಮುಗುಡುವಿಕೆ ಆಗುತ್ತದೆ.

ಆಕಾರ ಕೆಟ್ಟಾಗ ಅನೇಕರು ಹೇಳಿಸಿಕೊಳ್ಳುವ ಸುಲಭ ಉಪಾಯ, ತಪ್ಪಿದ ಅಂಚಿನ ಮೇಲೆ ಚರ್ಮದ ಬಣ್ಣದ ಪಿಗ್ಮೆಂಟು ಹಾಕಿ ಮುಚ್ಚುವುದು. ಇದಕ್ಕೆ ಒಪ್ಪಲೇಬೇಡಿ. ಅದರಲ್ಲಿ ಟೈಟಾನಿಯಂ ಡೈಆಕ್ಸೈಡ್‌ನ ಬಿಳಿ ಇರುತ್ತದೆ. ಕೆಲವೇ ತಿಂಗಳಲ್ಲಿ ಹಳದಿ ತೇಪೆಯಾಗಿ ಎದ್ದು ಕಾಣುತ್ತದೆ, ಮುಂದೆ ಲೇಸರ್ ತಗುಲಿದರೆ ಆ ಕ್ಷಣವೇ ಕಪ್ಪಗಾಗಬಲ್ಲದು. ಐರನ್ ಆಕ್ಸೈಡಿನ ಕೆಂಪು-ಕಂದು, ತುಟಿಗೆ ಹಾಕಿದ ಪೀಚ್ ಇವೂ ಹಾಗೇ ತಿರುಗಬಹುದು. ಲೇಸರ್ ಮಾಡಿಸುವುದೇ ಆದರೆ ಚರ್ಮವೈದ್ಯರ ಬಳಿ, ಮೊದಲು ಸಾಸಿವೆ ಕಾಳಿನಷ್ಟು ಜಾಗದಲ್ಲಿ ಪರೀಕ್ಷೆ ಮಾಡಿಸಿ, ಕೆಲವು ವಾರ ಕಾದು ನೋಡಿ ಮುಂದುವರಿಯಿರಿ. ಬಿಳಿ ಬೆರೆತ ತಿಳಿ ಬಣ್ಣಗಳಿಗೆ ಉಪ್ಪಿನ ದ್ರಾವಣ ಚುಚ್ಚಿ ಹಕ್ಕಳೆಯ ಜೊತೆ ಬಣ್ಣ ಹೊರತೆಗೆಯುವ ಸಲೈನ್ ವಿಧಾನ ವಾಸಿ. ಅದಕ್ಕೆ ಬಣ್ಣ ಯಾವುದೆಂಬ ಭೇದವಿಲ್ಲ, ಹಾಕಿದ ಬಣ್ಣವೇ ಕಪ್ಪಾಗಿ ತಿರುಗುವ ಭಯವೂ ಇಲ್ಲ. ಆದರೆ ಒಂದೇ ಸಲಕ್ಕೆ ಹೋಗುವುದಿಲ್ಲ. ಪ್ರತಿ ಸಲವೂ ಗಾಯ ಪೂರ್ತಿ ಮಾಯಲು ಆರರಿಂದ ಎಂಟು ವಾರ ಬಿಡಬೇಕು, ಆ ಹಕ್ಕಳೆಯನ್ನೂ ಕೀಳದೆ ತಾನಾಗಿ ಬೀಳಲು ಬಿಡಬೇಕು.